ಕಂಡುಬಂದಿಲ್ಲವೆಂದರೆ ಇಲ್ಲವೆಂದಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ಸೀಮೆಯಲ್ಲಿ ಯಾರದಾದರೂ ಕಣ್ಣು ಹಳದಿಯಾದರೆ ‘ಕಾಮಣಿ ಆಗೇದ’ ಎನ್ನುವುದು ರೂಢಿ. ಗ್ರಂಥಗಳು ಇದನ್ನೇ ಕಾಮಾಲೆ ಎನ್ನುತ್ತವೆ. ಹೆಸರು ಒಂದಾದರೂ ಅದರೊಳಗೆ ಅಡಗಿರುವ ರೋಗಗಳು ಹಲವು. ಕೆಟ್ಟ ನೀರಿನಿಂದ ಬರುವ ಕಾಮಣಿ ಒಂದು. ಮದ್ಯದಿಂದ ಬರುವುದು ಇನ್ನೊಂದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬರುವುದು ಮತ್ತೊಂದು. ರಕ್ತದ ಮೂಲಕ ಹರಡುವ ವೈರಸ್ಸಿನಿಂದ ಬರುವುದು ಮಗುದೊಂದು. ಈ ಕೊನೆಯ ಬಗೆಯಲ್ಲಿ ಹೆಪಟೈಟಿಸ್ ‘ಬಿ’ ಎಂಬುದು ಮುಖ್ಯವಾದುದು. ಇಂದು ನಾನು ಮಾತನಾಡಬೇಕೆಂದಿರುವುದು ಆ ರೋಗಕ್ಕೆ ಕೊಡುವ ಗುಳಿಗೆಗಳ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಆ ಗುಳಿಗೆಗಳ ಸುತ್ತ ನಮ್ಮ ಜನರು ಬೇರೆ ಅರ್ಥದಲ್ಲಿ ಗ್ರಹಿಸಿರುವ ಕೆಲವು ಮಾತುಗಳ ಬಗ್ಗೆ. ನಾನು ಈ ತಾಲ್ಲೂಕುಗಳಲ್ಲಿ ಬಹುಕಾಲ ವೈದ್ಯವೃತ್ತಿ ನಡೆಸಿದವನು. ಔಷಧಿ ಸಿಗದೆ ಕೆಟ್ಟವರನ್ನು ಕಂಡಿದ್ದೇನೆ. ಆದರೆ ಔಷಧಿ ಕೈಯಲ್ಲಿದ್ದೂ ಒಂದು ಮಾತಿನ ಅರ್ಥ ತಪ್ಪಿದುದರಿಂದ ಕೆಟ್ಟವರನ್ನು ಕಂಡಾಗ ಆಗುವ ಸಂಕಟವೇ ಬೇರೆ.

ಮೊದಲು ‘ಕಾಮಣಿ’ ಎಂಬ ಮಾತನ್ನೇ ನೋಡೋಣ. ಕಾಮಣಿಗೆ ಬೇರಿನ ರಸ ಕೊಡುವವರು, ಮೂಗಿಗೆ ಹನಿ ಬಿಡುವವರು, ಮುಂಗೈಗೆ ಬರೆ ಹಾಕುವವರು ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಅವರಲ್ಲಿಗೆ ಹೋದ ಬಹಳ ಮಂದಿ ಗುಣವಾಗಿ ಬಂದುದೂ ಸುಳ್ಳಲ್ಲ. ಇದರ ಗುಟ್ಟು ಇಷ್ಟೆ: ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ರೋಗ ಇಳಿಯುವ ಹೊತ್ತಿಗೆ ಯಾವ ಔಷಧಿ ಹೊಟ್ಟೆಯಲ್ಲಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಇದರಿಂದ ಜನರ ಮನಸ್ಸಿನಲ್ಲಿ ಒಂದು ಲೆಕ್ಕ ಕುಳಿತಿದೆ: ಹಳದಿ ಬಂದರೆ ರೋಗ ಬಂತು, ಹಳದಿ ಹೋದರೆ ರೋಗ ಹೋಯಿತು. ದೀರ್ಘಕಾಲದ ಹೆಪಟೈಟಿಸ್ ‘ಬಿ’ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅದು ಇಪ್ಪತ್ತು, ಮೂವತ್ತು ವರ್ಷ ದೇಹದಲ್ಲಿದ್ದೂ ಕಣ್ಣನ್ನು ಒಮ್ಮೆಯೂ ಹಳದಿ ಮಾಡದಿರಬಹುದು. ಯಕೃತ್ತು ನೋವು ಹೇಳಿಕೊಳ್ಳದ ಅಂಗ. ತನ್ನ ಬಹುಭಾಗ ಗಾಯಗೊಂಡು ಗಂಟುಗಟ್ಟುವ ತನಕ ಅದು ದುಡಿಯುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಊದಿ ಬಂದ ದಿನ, ರೋಗ ಬಂದು ಎಷ್ಟು ದಿನವಾಯಿತು ಎಂದು ಕೇಳಿದರೆ, ‘ಹದಿನೈದು ದಿನ’ ಎಂಬ ಉತ್ತರ ಬರುತ್ತದೆ. ನಿಜವಾದ ಉತ್ತರ, ಅನೇಕ ವೇಳೆ, ‘ಹುಟ್ಟಿದಂದಿನಿಂದ’ ಎಂಬುದು.

ಈ ವೈರಸ್ಸಿನ ಸುಳಿವು ದೊರೆತ ಬಗೆ ಸ್ವಾರಸ್ಯಕರ. ಅಮೆರಿಕದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಕಾಮಾಲೆಯ ಕಾರಣವನ್ನು ಹುಡುಕಲು ಹೊರಟವರಲ್ಲ. ಬೇರೆಬೇರೆ ಜನಾಂಗಗಳ ರಕ್ತದಲ್ಲಿರುವ ಭೇದಗಳನ್ನು ಅವರು ಅಭ್ಯಸಿಸುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಅಪರಿಚಿತ ವಸ್ತುವೊಂದನ್ನು ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಕರೆದು ೧೯೬೫ರಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್ ‘ಬಿ’ ವೈರಸ್ಸಿನ ಹೊರಕವಚವೆಂಬುದು ಆಮೇಲೆ ತಿಳಿಯಿತು. ೧೯೭೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಜನ್ಮದಿನವಾದ ಜುಲೈ ೨೮ನ್ನೇ ಇಂದು ಜಗತ್ತು ಹೆಪಟೈಟಿಸ್ ದಿನವೆಂದು ಆಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೪ರಲ್ಲಿ ಹೊರತಂದ ವರದಿಯ ಪ್ರಕಾರ, ೨೦೨೨ರಲ್ಲಿ ಭಾರತದಲ್ಲಿ ಸುಮಾರು ೨.೯೮ ಕೋಟಿ ಜನರು ಈ ವೈರಸ್ಸನ್ನು ಹೊತ್ತಿದ್ದರು. ಆ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಇದರಿಂದ ಸತ್ತವರು ೧೧ ಲಕ್ಷ.

ವೈರಸ್ಸು ಸಾಗುವ ದಾರಿಗಳು ಹೆಚ್ಚಿಲ್ಲ: ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ, ಪರೀಕ್ಷಿಸದ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದರಿಂದ, ಹಂಚಿಕೊಂಡ ಕ್ಷೌರದ ಬ್ಲೇಡಿನಿಂದ, ಜಾತ್ರೆಯ ಹಚ್ಚೆಯ ಸೂಜಿಯಿಂದ, ದೇಹಸಂಪರ್ಕದಿಂದ. ೨೦೦೯ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದುದರಿಂದ ಈ ರೋಗ ಹಬ್ಬಿ ಅನೇಕರು ಪ್ರಾಣ ಕಳೆದುಕೊಂಡರು. ಒಂದೇ ಗಂಗಾಳದಲ್ಲಿ ಉಂಡರೆ, ಒಂದೇ ಚಾಪೆಯಲ್ಲಿ ಮಲಗಿದರೆ, ಕೂಸನ್ನು ಎತ್ತಿ ಆಡಿಸಿದರೆ ಇದು ಬರುವುದಿಲ್ಲ. ಬಂದ ಮೇಲೆ ಉಳಿಯುವುದೂ ವಯಸ್ಸಿನ ಮೇಲೆ ನಿಂತಿದೆ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಅದನ್ನು ತಾವೇ ಹೊರದೂಡುತ್ತಾರೆ. ಹಸುಗೂಸಿಗೆ ತಗುಲಿದರೆ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ಬಾಳಿನ ಸಂಗಾತಿಯಾಗಿ ನಿಲ್ಲುತ್ತದೆ. ಆದುದರಿಂದ ಈ ರೋಗವಿದ್ದವರ ನಡತೆಯನ್ನು ಶಂಕಿಸುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು.

ಇನ್ನು ಎರಡನೆಯ ಮಾತು, ‘ಪಾಸಿಟಿವ್’. ಗರ್ಭಿಣಿಯ ತಪಾಸಣೆಯಲ್ಲೋ, ರಕ್ತದಾನದ ಶಿಬಿರದಲ್ಲೋ, ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಯಲ್ಲೋ ಈ ಮಾತು ಹಠಾತ್ತನೆ ಎದುರಾಗುತ್ತದೆ. ಕೇಳಿದವರು ಇಂದೇ ಗುಳಿಗೆ ಬರೆಯಿರಿ ಎಂದು ಆತುರಪಡುತ್ತಾರೆ. ವೈರಸ್ಸು ಇರುವ ಎಲ್ಲರಿಗೂ ಗುಳಿಗೆ ಬೇಕಾಗುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಎಷ್ಟು, ಯಕೃತ್ತಿನ ಕಿಣ್ವಗಳು ಏರಿವೆಯೆ, ಅಂಗದಲ್ಲಿ ಗಾಯದ ಕಲೆ ಎಷ್ಟಾಗಿದೆ, ಮನೆತನದಲ್ಲಿ ಯಾರಿಗಾದರೂ ಯಕೃತ್ತಿನ ಕ್ಯಾನ್ಸರ್ ಆಗಿತ್ತೆ, ಎಂಬುದನ್ನೆಲ್ಲ ತೂಗಿನೋಡಿ ವೈದ್ಯರು ನಿರ್ಧರಿಸುತ್ತಾರೆ. ಯಕೃತ್ತು ಗಂಟುಗಟ್ಟಿ ಸಿರೋಸಿಸ್ ಆಗಿದ್ದರೆ ಗುಳಿಗೆ ಬೇಕೇ ಬೇಕು. ೨೦೨೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಗಳನ್ನು ಸಡಿಲಿಸಿ ಮೊದಲಿಗಿಂತ ಹೆಚ್ಚು ಜನರಿಗೆ ಚಿಕಿತ್ಸೆ ಕೊಡಬಹುದೆಂದು ಹೇಳಿದೆ. ಹೀಗಾಗಿ ಕೆಲವು ವರ್ಷಗಳ ಹಿಂದೆ ‘ಸದ್ಯಕ್ಕೆ ಬೇಡ’ ಎನಿಸಿಕೊಂಡವರು ಮತ್ತೊಮ್ಮೆ ಹೋಗಿ ವಿಚಾರಿಸುವುದು ಒಳಿತು. ‘ಗುಳಿಗೆ ಬೇಡ’ ಎಂಬುದಕ್ಕೆ ‘ಪರೀಕ್ಷೆ ಬೇಡ’ ಎಂಬ ಅರ್ಥವಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಕ್ತ ತೋರಿಸುವುದು ತಪ್ಪಬಾರದು.

ಗುಳಿಗೆ ಮಾಡುವ ಕೆಲಸವೇನು? ವೈರಸ್ಸು ಯಕೃತ್ತಿನ ಜೀವಕೋಶವನ್ನು ಹೊಕ್ಕು, ಅಲ್ಲಿ ತನ್ನ ಪ್ರತಿಗಳನ್ನು ತೆಗೆಯುತ್ತದೆ. ಟೆನೊಫೊವಿರ್, ಎಂಟೆಕಾವಿರ್ ಎಂಬ ಔಷಧಿಗಳು ಆ ಪ್ರತಿ ಕಟ್ಟಲು ಬೇಕಾದ ಇಟ್ಟಿಗೆಗಳಂತೆಯೇ ಕಾಣುತ್ತವೆ. ವೈರಸ್ಸು ಮೋಸಹೋಗಿ ಅವುಗಳನ್ನು ಸೇರಿಸಿಕೊಂಡಾಗ ಕಟ್ಟಡ ಅಲ್ಲಿಗೇ ನಿಲ್ಲುತ್ತದೆ. ಹೊಸ ಪ್ರತಿಗಳು ಹುಟ್ಟದೆ ರಕ್ತ ತಿಳಿಯಾಗುತ್ತದೆ, ಯಕೃತ್ತು ಉಸಿರಾಡುತ್ತದೆ. ಆದರೆ ಜೀವಕೋಶದ ತಿರುಳಿನಲ್ಲಿ ವೈರಸ್ಸಿನ ಮೂಲಪ್ರತಿಯೊಂದು ಉಂಗುರದಂತೆ ಸುತ್ತಿಕೊಂಡು ಕುಳಿತಿರುತ್ತದೆ. ಅದನ್ನು ಈ ಗುಳಿಗೆಗಳು ಮುಟ್ಟಲಾರವು. ಎರೆಹೊಲದಲ್ಲಿ ಕರಿಕೆ ಕಿತ್ತವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಮೇಲೆ ಹಸಿರು ಕಾಣದಿದ್ದರೂ ಬೇರು ಮಣ್ಣಿನೊಳಗಿದೆ. ಕೈ ಬಿಟ್ಟರೆ ಮತ್ತೆ ಚಿಗುರುತ್ತದೆ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬಂದೆ. ರಾಮದುರ್ಗದ ಕಡೆಯ ಒಬ್ಬ ನೇಕಾರರು ಎರಡು ವರ್ಷ ತಪ್ಪದೆ ಟೆನೊಫೊವಿರ್ ತೆಗೆದುಕೊಂಡರು. ಪರೀಕ್ಷೆಯ ಕಾಗದ ಬಂತು. ಅದರಲ್ಲಿ ವೈರಸ್ಸು ‘ಕಂಡುಬಂದಿಲ್ಲ’ ಎಂದಿತ್ತು. ಮನೆಯವರು ಪೇಡೆ ಹಂಚಿದರು. ಗುಳಿಗೆ ನಿಂತಿತು. ಅದಕ್ಕಾಗಿ ಅವರನ್ನು ಹಳಿಯಲಾರೆ. ಅವರು ಕಾಗದವನ್ನು ಓದಬಲ್ಲವರು, ಓದಿದ್ದನ್ನು ನಂಬಿದವರು. ‘ಕಂಡುಬಂದಿಲ್ಲ’ ಎಂಬುದನ್ನು ಅವರು ‘ಇಲ್ಲ’ ಎಂದು ಓದಿದರು. ಐದಾರು ತಿಂಗಳು ಕಳೆದ ಮೇಲೆ ಅವರನ್ನು ನನ್ನ ಬಳಿ ಕರೆತಂದಾಗ ಕಣ್ಣು ಅರಿಶಿನದಂತಿತ್ತು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ಎಚ್ಚರವೂ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಗುಳಿಗೆಯನ್ನು ಮತ್ತೆ ಆರಂಭಿಸಿ, ವಾರಗಟ್ಟಲೆ ಶುಶ್ರೂಷೆ ನಡೆದು ಜೀವ ಉಳಿಯಿತು. ಮಗ್ಗದ ಮುಂದೆ ಮರಳಿ ಕೂರಲು ಒಂದು ವರ್ಷ ಹಿಡಿಯಿತು. ಹೀಗೆ ಬಂದವರೆಲ್ಲ ಉಳಿಯುವುದಿಲ್ಲ.

ನಡೆದುದು ಇಷ್ಟು. ಗುಳಿಗೆ ನಿಂತೊಡನೆ ಮೂಲಪ್ರತಿಯಿಂದ ವೈರಸ್ಸು ಮತ್ತೆ ಲಕ್ಷಗಟ್ಟಲೆ ಹುಟ್ಟಿತು. ದೇಹದ ರಕ್ಷಣಾಪಡೆ ಒಮ್ಮೆಲೆ ಎಚ್ಚತ್ತು, ಸೋಂಕಿದ ಜೀವಕೋಶಗಳ ಮೇಲೆ ಬಿತ್ತು. ಆ ಕದನದಲ್ಲಿ ಸುಟ್ಟುಹೋದದ್ದು ಯಕೃತ್ತೇ. ಪರೀಕ್ಷಾಲಯವು ಹೇಳಿದ್ದು ಸುಳ್ಳಲ್ಲ. ತನ್ನ ಯಂತ್ರಕ್ಕೆ, ಆ ದಿನದ ರಕ್ತದಲ್ಲಿ, ಎಣಿಸುವಷ್ಟು ವೈರಸ್ಸು ಸಿಗಲಿಲ್ಲವೆಂದು ಅದು ಹೇಳಿತು. ಅದು ಗುಳಿಗೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಗುಳಿಗೆಯ ಕೆಲಸ ಮುಗಿಯಿತು ಎಂಬುದಕ್ಕೆ ಅಲ್ಲ.

ಇದಕ್ಕೆ ಜೊತೆಯಾದ ಇನ್ನೊಂದು ಮಾತು ‘ಕೋರ್ಸು’. ಕ್ಷಯಕ್ಕೆ ಆರು ತಿಂಗಳ ಕೋರ್ಸು ಇದೆ. ಹೆಪಟೈಟಿಸ್ ‘ಸಿ’ಗೆ ಸಾಮಾನ್ಯವಾಗಿ ಹನ್ನೆರಡು ವಾರಗಳ ಗುಳಿಗೆ ಸಾಕು, ರೋಗ ಬುಡಸಹಿತ ಹೋಗುತ್ತದೆ. ಬಂಧುಗಳಲ್ಲಿ ಯಾರೋ ‘ಸಿ’ಯಿಂದ ಗುಣವಾದುದನ್ನು ಕಂಡ ‘ಬಿ’ಯ ರೋಗಿ ತನ್ನ ಕೋರ್ಸು ಎಂದು ಮುಗಿಯುವುದೆಂದು ದಿನ ಎಣಿಸುತ್ತಾನೆ. ‘ಬಿ’ಗೆ ಅಂಥ ಕೋರ್ಸು ಇಲ್ಲ. ಬಹುಮಂದಿಗೆ ಇದು ಹಲವು ವರ್ಷಗಳ, ಸಿರೋಸಿಸ್ ಆದವರಿಗೆ ಸಾಮಾನ್ಯವಾಗಿ ಬಾಳಿನುದ್ದದ ಗುಳಿಗೆ. ರಕ್ತದಿಂದ ವೈರಸ್ಸಿನ ಹೊರಕವಚವೇ ಮಾಯವಾಗುವ ಭಾಗ್ಯ ಕೆಲವರಿಗೆ ದೊರೆಯುತ್ತದೆ. ಅಂಥವರಲ್ಲಿಯೂ ನಿಲ್ಲಿಸುವುದು ವೈದ್ಯರ ತೀರ್ಮಾನ. ನಿಲ್ಲಿಸಿದ ಮೇಲೂ ಬಹುಕಾಲ ಕಾವಲು ಬೇಕು. ಸಕ್ಕರೆ ರೋಗಕ್ಕೂ ರಕ್ತದೊತ್ತಡಕ್ಕೂ ಬಾಳಿನುದ್ದ ಗುಳಿಗೆ ನುಂಗುವುದನ್ನು ನಮ್ಮ ಹಿರಿಯರು ಒಪ್ಪಿಕೊಂಡಿದ್ದಾರೆ. ಇದನ್ನೂ ಹಾಗೆಯೇ ಒಪ್ಪಿಕೊಳ್ಳಬೇಕು.

ಇನ್ನು ಸೇವಿಸುವ ಕ್ರಮ. ಟೆನೊಫೊವಿರ್ ಎಂಬ ಹೆಸರಿನಲ್ಲಿ ಎರಡು ಗುಳಿಗೆಗಳಿವೆ. ಡೈಸೊಪ್ರಾಕ್ಸಿಲ್ ಎಂಬುದು ೩೦೦ ಮಿಲಿಗ್ರಾಮಿನದು. ಅಲಾಫೆನಮೈಡ್ ಎಂಬುದು ೨೫ ಮಿಲಿಗ್ರಾಮಿನದು. ಅಂಕೆ ಸಣ್ಣದೆಂದು ಎರಡನೆಯದು ದುರ್ಬಲವಲ್ಲ, ಒಂದರ ಜೊತೆಗೆ ಇನ್ನೊಂದನ್ನು ನುಂಗುವಂತೆಯೂ ಇಲ್ಲ. ಅಂಗಡಿಯವರು ಬೇರೆ ಕಂಪನಿಯ ಡಬ್ಬಿ ಕೊಟ್ಟರೆ ಪೂರ್ಣ ಹೆಸರನ್ನೂ ಮಿಲಿಗ್ರಾಮನ್ನೂ ಹಳೆಯ ಡಬ್ಬಿಯೊಂದಿಗೆ ಹೋಲಿಸಿ ನೋಡಬೇಕು. ಡೈಸೊಪ್ರಾಕ್ಸಿಲನ್ನು ಊಟಕ್ಕೆ ಮುಂಚೆಯೂ ನಂತರವೂ ತೆಗೆದುಕೊಳ್ಳಬಹುದು; ಅಲಾಫೆನಮೈಡನ್ನು ಊಟದೊಂದಿಗೆ. ಎಂಟೆಕಾವಿರ್ ಬರಿಹೊಟ್ಟೆಯ ಗುಳಿಗೆ, ಉಂಡು ಎರಡು ತಾಸು ಕಳೆದಿರಬೇಕು, ಮುಂದಿನ ಊಟಕ್ಕೆ ಇನ್ನೂ ಎರಡು ತಾಸು ಇರಬೇಕು. ಎಲ್ಲವೂ ದಿನಕ್ಕೊಂದೇ ಸಲ ಆದುದರಿಂದ ಸೋಮವಾರದ ಉಪವಾಸಕ್ಕಾಗಲಿ, ರಂಜಾನಿನ ರೋಜಾಕ್ಕಾಗಲಿ ಗುಳಿಗೆ ಬಿಡಬೇಕಾಗಿಲ್ಲ. ಯಾವ ಹೊತ್ತಿಗೆ ಎಂಬುದನ್ನು ವೈದ್ಯರೊಡನೆ ಮೊದಲೇ ಗೊತ್ತುಮಾಡಿಕೊಂಡರಾಯಿತು. ಒಂದು ದಿನ ಮರೆತರೆ, ನೆನಪಾದೊಡನೆ ಅದೇ ದಿನ ತೆಗೆದುಕೊಳ್ಳಬೇಕು. ಮಾರನೆಯ ದಿನ ನೆನಪಾದರೆ ಅಂದಿನದು ಒಂದೇ ಸಾಕು, ಎರಡು ನುಂಗಬಾರದು.

ಆರಂಭಿಸುವ ಮುನ್ನ ಮೂತ್ರಪಿಂಡದ ಪರೀಕ್ಷೆ ಆಗಬೇಕು. ಎಚ್‌ಐವಿ ಪರೀಕ್ಷೆಯೂ ಆಗಬೇಕು, ಏಕೆಂದರೆ ಎಚ್‌ಐವಿ ಇದ್ದವರಿಗೆ ಇವುಗಳಲ್ಲಿ ಒಂದನ್ನೇ ಕೊಟ್ಟರೆ ಆ ವೈರಸ್ಸು ಔಷಧಿಗೆ ಮಣಿಯದಂತಾಗಬಹುದು. ಡೈಸೊಪ್ರಾಕ್ಸಿಲ್ ಕೆಲವರಲ್ಲಿ ಮೂತ್ರಪಿಂಡಕ್ಕೂ ಎಲುಬಿಗೂ ತೊಂದರೆ ಕೊಡುವುದುಂಟು. ಆದುದರಿಂದ ಕ್ರಿಯಾಟಿನಿನ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಅದು ಏರಿದರೆ ವೈದ್ಯರು ಗುಳಿಗೆಯ ಅಂತರವನ್ನೋ ಗುಳಿಗೆಯನ್ನೇ ಬದಲಿಸುತ್ತಾರೆ. ಬದಲಿಸುವುದು ಬೇರೆ, ಬಿಡುವುದು ಬೇರೆ. ಇಲ್ಲಿ ನಮ್ಮ ಸೀಮೆಯ ಒಂದು ಅಭ್ಯಾಸವನ್ನು ಹೇಳಲೇಬೇಕು. ಹೊಲದಲ್ಲಿ ದುಡಿದು ಮೊಣಕಾಲು ನೊಂದರೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದು, ಬಿಡಿ ಪುಡಿಗಳನ್ನು ಕೊಂಡು ತಿನ್ನುವುದು. ಡೈಕ್ಲೊಫಿನಾಕ್‌ನಂಥ ನೋವುನಿವಾರಕಗಳು ಡೈಸೊಪ್ರಾಕ್ಸಿಲಿನೊಂದಿಗೆ ಸೇರಿದರೆ ಮೂತ್ರಪಿಂಡಕ್ಕೆ ಇಬ್ಬಗೆಯ ಪೆಟ್ಟು. ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಅಡಗಿದ ವೈರಸ್ಸು ಭುಗಿಲೇಳಬಹುದು. ಕ್ಷಯದ ಚಿಕಿತ್ಸೆಗೆ ಹೋದಾಗಲೂ ಈ ಗುಳಿಗೆಯ ವಿಷಯ ಹೇಳಬೇಕು. ರಿಫಾಂಪಿಸಿನ್ ಎಂಬ ಕ್ಷಯದ ಔಷಧಿ ಅಲಾಫೆನಮೈಡಿನ ಬಲವನ್ನು ಕುಗ್ಗಿಸುತ್ತದೆ. ಮದ್ಯದ ಬಗ್ಗೆ ಹೇಳುವುದು ಒಂದೇ: ಬೇಡ.

ಮನೆಯಲ್ಲಿ ಹಳೆಯ ಲ್ಯಾಮಿವುಡಿನ್ ಗುಳಿಗೆ ಉಳಿದಿದ್ದರೆ ಅದರಿಂದ ದಿನ ತಳ್ಳುವ ಯೋಚನೆಯೂ ಬೇಡ. ೧೯೯೮ರಲ್ಲಿ ಅದು ಬಂದಾಗ ದೊಡ್ಡ ಆಸೆ ಮೂಡಿಸಿತ್ತು. ಆದರೆ ಅದೊಂದನ್ನೇ ತೆಗೆದುಕೊಂಡವರಲ್ಲಿ ಐದು ವರ್ಷಗಳೊಳಗೆ ನೂರಕ್ಕೆ ಸುಮಾರು ಎಪ್ಪತ್ತು ಮಂದಿಯ ವೈರಸ್ಸು ಅದಕ್ಕೆ ಜಗ್ಗದಂತಾಯಿತು. ನೆಲನೆಲ್ಲಿಯ ಕಥೆಯೂ ಆಸೆಯದೇ. ಕಾಮಣಿಗೆ ನಮ್ಮವರು ಅರೆದು ಕೊಡುವ ಈ ಗಿಡವನ್ನು ಮದ್ರಾಸಿನ ವಿಜ್ಞಾನಿಗಳು ಶ್ರದ್ಧೆಯಿಂದ ಪರೀಕ್ಷಿಸಿದರು. ೧೯೮೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ವರದಿಯಲ್ಲಿ, ಅದನ್ನು ಸೇವಿಸಿದವರಲ್ಲಿ ನೂರಕ್ಕೆ ಐವತ್ತೊಂಬತ್ತು ಮಂದಿಯ ರಕ್ತ ವೈರಸ್ಸಿನ ಗುರುತಿನಿಂದ ಮುಕ್ತವಾಯಿತೆಂದಿತ್ತು. ಜಗತ್ತು ಕಿವಿ ನಿಮಿರಿಸಿತು. ಮುಂದೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ. ಗಿಡವನ್ನು ಅವಹೇಳನ ಮಾಡಲು ಇದನ್ನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ನಿಂತ ಔಷಧಿಯನ್ನು ಬಿಟ್ಟು ನಿಲ್ಲದುದನ್ನು ಹಿಡಿಯಬಾರದೆಂದು ಹೇಳುತ್ತಿದ್ದೇನೆ.

ಗುಳಿಗೆ ನಿಲ್ಲುವುದು ಸದಾ ಮನಸ್ಸಿನ ತೀರ್ಮಾನದಿಂದಲೇ ಅಲ್ಲ. ದಾರಿ, ದುಡ್ಡು, ನಾಚಿಕೆಗಳಿಂದಲೂ ನಿಲ್ಲುತ್ತದೆ. ದುಡ್ಡಿನ ಮಾತಿಗೆ ಉತ್ತರವಿದೆ. ೨೦೧೮ರ ಜುಲೈ ೨೮ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ತಾಲ್ಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ. ದಾರಿಯ ಮಾತು ಕಷ್ಟದ್ದು. ಕಿತ್ತೂರು ಹೆದ್ದಾರಿಯ ಮೇಲಿದೆ. ಸವದತ್ತಿಗೆ ಧಾರವಾಡವೇ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿ ದೂರ. ಗುಳಿಗೆ ಮುಗಿದ ದಿನ ಬಸ್ಸು ಹಿಡಿಯುವವರು ಒಂದಲ್ಲ ಒಂದು ಸಲ ತಪ್ಪುತ್ತಾರೆ. ಎರಡು ವಾರದ ಗುಳಿಗೆ ಉಳಿದಿರುವಾಗಲೇ ಹೊರಡಬೇಕು. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ಬುತ್ತಿಯ ಜೊತೆಗೆ, ಕಬ್ಬು ಕಡಿಯಲು ತಿಂಗಳುಗಟ್ಟಲೆ ಹೊರಗೆ ಹೋಗುವವರು ಕುಡುಗೋಲಿನ ಜೊತೆಗೆ, ಗುಳಿಗೆಯನ್ನೂ ಕಟ್ಟಿಕೊಳ್ಳಬೇಕು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ನದಿಯ ಬದಿಯವರು ಪರೀಕ್ಷೆಯ ಕಾಗದಗಳನ್ನೂ ಗುಳಿಗೆಯನ್ನೂ ನೀರು ತಾಗದ ಚೀಲದಲ್ಲಿ, ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಜಾಣತನ.

ನಾಚಿಕೆಯ ಮಾತು ಎಲ್ಲಕ್ಕಿಂತ ಕಠಿಣ. ಮದುವೆಯಾದ ಹುಡುಗಿ ಗುಳಿಗೆಯ ಡಬ್ಬಿಯನ್ನು ತವರಿನಲ್ಲೇ ಬಿಟ್ಟು ಗಂಡನ ಮನೆಗೆ ಹೋಗುವುದನ್ನು ಕಂಡಿದ್ದೇನೆ. ಯಾರಾದರೂ ನೋಡಿಯಾರು ಎಂಬ ಅಂಜಿಕೆ. ಆ ಅಂಜಿಕೆ ಅವಳಿಗೆ ತನ್ನ ಯಕೃತ್ತನ್ನೇ ಬೆಲೆಯಾಗಿ ಕೊಡಿಸಬಹುದು. ಗಂಡನಿಗೆ ಲಸಿಕೆ ಹಾಕಿಸಿದರೆ ಅವನಿಗೆ ರಕ್ಷಣೆ ದೊರೆಯುತ್ತದೆ. ಗರ್ಭಿಣಿಯ ರಕ್ತದಲ್ಲಿ ವೈರಸ್ಸು ಬಹಳವಿದ್ದರೆ ಇಪ್ಪತ್ತೆಂಟನೆಯ ವಾರದಿಂದ ಟೆನೊಫೊವಿರ್ ಕೊಡುತ್ತಾರೆ. ಮೊದಲೇ ತೆಗೆದುಕೊಳ್ಳುತ್ತಿದ್ದವಳು ಬಸುರಾದೆನೆಂದು ತಾನಾಗಿ ಬಿಡಬಾರದು. ಕೂಸಿಗೆ ಹುಟ್ಟಿದ ಇಪ್ಪತ್ತನಾಲ್ಕು ತಾಸಿನೊಳಗೆ ಮೊದಲ ಲಸಿಕೆ, ಸಿಕ್ಕರೆ ಇಮ್ಯುನೊಗ್ಲಾಬ್ಯುಲಿನ್, ಮುಂದೆ ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳು. ಎದೆಹಾಲು ಕೊಡಬಹುದು. ೨೦೦೭-೦೮ರಲ್ಲಿ ಸರಕಾರಿ ಲಸಿಕೆಯ ಪಟ್ಟಿಯಲ್ಲಿ ಇದನ್ನು ಸೇರಿಸಿಕೊಂಡ ಹತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೆ ಮುಂಚೆ ಹುಟ್ಟಿದ ನಾವು ನೀವೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ಇಷ್ಟು ಎಚ್ಚರಿಕೆಗಳನ್ನು ಕೇಳಿ ಗುಳಿಗೆಯೇ ಭಯಂಕರವೆಂದು ಯಾರೂ ತಿಳಿಯಬಾರದು. ಹೆಚ್ಚಿನವರಿಗೆ ಅದು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದು ಕೊಡುವ ಲಾಭವಾದರೋ ದೊಡ್ಡದು. ಐದು ವರ್ಷ ಟೆನೊಫೊವಿರ್ ತೆಗೆದುಕೊಂಡ ೩೪೮ ಜನರ ಯಕೃತ್ತಿನ ಚೂರುಗಳನ್ನು ಮೊದಲೂ ಕೊನೆಗೂ ಪರೀಕ್ಷಿಸಿದ ಅಧ್ಯಯನವೊಂದು ೨೦೧೩ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅವರಲ್ಲಿ ೯೬ ಮಂದಿಗೆ ಮೊದಲು ಸಿರೋಸಿಸ್ ಇತ್ತು. ಐದು ವರ್ಷಗಳ ಬಳಿಕ ೭೧ ಮಂದಿಯಲ್ಲಿ ಅದು ಉಳಿದಿರಲಿಲ್ಲ. ಗಂಟುಗಟ್ಟಿದ ಯಕೃತ್ತು ಮತ್ತೆ ಮೆತ್ತಗಾಗಬಲ್ಲುದೆಂಬುದನ್ನು ನಾನು ಓದುತ್ತಿದ್ದ ಕಾಲದ ಪಠ್ಯಗಳು ಹೇಳಿರಲಿಲ್ಲ. ಕ್ಯಾನ್ಸರಿನ ಭಯವೂ ತಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ. ಆದುದರಿಂದ ಸಿರೋಸಿಸ್ ಆಗಿದ್ದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಿರಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಹೊಟ್ಟೆ ಊದಿದರೆ, ರಕ್ತ ವಾಂತಿಯಾದರೆ, ಮಲ ಕಪ್ಪಾದರೆ, ಮಾತು ತಡವರಿಸಿದರೆ ಬೇರಿನ ರಸಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ವೈದ್ಯರಿಗೂ ಒಂದು ಮಾತು ಸಲ್ಲುತ್ತದೆ. ‘ವೈರಸ್ಸು ಕಂಡುಬಂದಿಲ್ಲ’ ಎಂಬ ಕಾಗದವನ್ನು ರೋಗಿಯ ಕೈಗೆ ಕೊಡುವಾಗ, ‘ಗುಳಿಗೆ ಅದನ್ನು ಹಿಡಿದಿಟ್ಟಿದೆ, ಬಿಡಬೇಡಿ’ ಎಂದು ಅವನ ಆಡುಮಾತಿನಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಕಾಗದವನ್ನು ಓದಿ ಹೇಳುವ ಮನೆಯ ಅಕ್ಷರಸ್ಥರು ಕೂಡ, ಅಂದರೆ ಈ ಮಾತನ್ನು ಕೇಳುತ್ತಿರುವ ನೀವು, ಅಷ್ಟನ್ನು ಸೇರಿಸಿಯೇ ಓದಿ. ಗುಳಿಗೆ ಸಾಕೆನಿಸಿದ ದಿನ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿ. ಕೇಳಿ ಬರುವ ತನಕ ಅಂದಿನ ಗುಳಿಗೆಯನ್ನು ತಪ್ಪಿಸಬೇಡಿ.